ಮಾತ್ರೆ ನಿಲ್ಲಿಸಿದ್ದು ದೊಡ್ಡಪ್ಪನ ತಪ್ಪಲ್ಲ

ಬ್ಲಾಗ್ ಕಡೆ ತಲೆ ಹಾಕಿ ತುಂಬಾ ದಿನ ಆಗಿತ್ತು. ಇವತ್ತು ಬರೀತಿರೋದು ಸಿಟ್ಟಿಗೆ.

ಹೋದ ವಾರ ಕೋಲಾರದಲ್ಲಿ ಬಸ್ ಬದಲಾಯಿಸಿ ಶ್ರೀನಿವಾಸಪುರದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿ ನಾಲ್ಕು ತಿಂಗಳು. "ನೋವು ಹೋಯ್ತಲ್ಲ, ಹಲ್ಲುಜ್ಜಿದ್ರೆ ಒಸಡಲ್ಲಿ ರಕ್ತ ಬೇರೆ" ಅಂತ ಕ್ಲೊಪಿಡೊಗ್ರೆಲ್ ಮಾತ್ರೆ ನಿಲ್ಲಿಸಿಬಿಟ್ಟಿದ್ದರು! ಆಸ್ಪತ್ರೆಯವರು ಕೊಟ್ಟ ಕಾಗದ ಪೂರ್ತಿ ಇಂಗ್ಲಿಷು. ಮಾವಿನ ತೋಟಕ್ಕೆ ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು ಅಂತ ಬಾಯಲ್ಲೇ ಹೇಳೋ ಮನುಷ್ಯ ಅವರು. ಅರ್ಥ ಆಗಲ್ಲ ಅನ್ನೋದು ಸುಳ್ಳು. ಯಾರೂ ಹೇಳಲಿಲ್ಲ, ಅಷ್ಟೆ.

ಡಾಕ್ಟರ್ ಗೆಳೆಯನೊಬ್ಬನಿಗೆ ಇದನ್ನ ಹೇಳಿದ್ರೆ, "ರಿಸೆಪ್ಟರ್ ಗಿಸೆಪ್ಟರ್ ಎಲ್ಲಾ ಕನ್ನಡದಲ್ಲಿ ಆಗೋ ಮಾತಲ್ಲ ಮಾರಾಯ" ಅಂದ. ಹೌದಾ? ನಾನು ಬರೀ ಸಾಫ್ಟ್‌ವೇರ್ ಇಂಜಿನಿಯರು. ಆದರೂ ಒಂದು ಕೈ ನೋಡ್ತೀನಿ.

ಜೀವಕೋಶಕ್ಕೆ ಶಕ್ತಿ ಕೊಡೋ ಅಣು ಎಟಿಪಿ, ಪಿಯುಸಿಯಲ್ಲಿ ಓದಿದ್ದೇ. ಅದು ಕೋಶದಿಂದ ಹೊರಗೆ ಸೋರಿದರೆ "ಇಲ್ಲೇನೋ ಒಡೆದಿದೆ" ಅನ್ನೋ ಸುದ್ದಿ. ಕೋಶದ ಮೈಮೇಲಿರೋ ರಿಸೆಪ್ಟರ್‌ಗಳು ಆ ಸುದ್ದಿ ಕೇಳೋ ಕಿವಿಗಳು. ಗಿಡಗಳಿಗೂ ಇಂಥ ಕಿವಿ ಇದೆ: ಸಾಸಿವೆ ಜಾತಿಯ ಪುಟ್ಟ ಗಿಡವೊಂದರಲ್ಲಿ 2014ರಲ್ಲಿ ಸಿಕ್ಕಿತು, ರಚನೆ ಮಾತ್ರ ನಮ್ಮದಕ್ಕಿಂತ ಪೂರ್ತಿ ಬೇರೆ. ಪಿ2ಎಕ್ಸ್7 ಅನ್ನೋ ಕಿವಿ ಇಲಿಗೂ ಇದೆ, ನಮಗೂ ಇದೆ. ಆದರೆ ನಮ್ಮದನ್ನ ಮುಚ್ಚೋ ಕೆಎನ್-62 ಅನ್ನೋ ರಾಸಾಯನಿಕಕ್ಕೆ ಇಲಿಯ ಕಿವಿ ಜಗ್ಗಲ್ಲ. ಸುದ್ದಿ ಒಂದೇ, ಕಿವಿ ಬೇರೆ ಬೇರೆ.

ನಮ್ಮ ರಕ್ತದ ಪ್ಲೇಟ್‌ಲೆಟ್‌ಗಳ ಮೇಲಿರೋ ಒಂದು ಕಿವಿ ಪಿ2ವೈ12. ಎಟಿಪಿಯ ತಮ್ಮ ಎಡಿಪಿ ಬಂದು ತಟ್ಟಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೈ ಕುಯ್ದುಕೊಂಡಾಗ ಒಳ್ಳೇದು. ಸ್ಟೆಂಟ್ ಒಳಗೆ ಹೀಗಾದರೆ ಪ್ರಾಣಕ್ಕೇ ಕುತ್ತು. ಕ್ಲೊಪಿಡೊಗ್ರೆಲ್ ಆ ಕಿವಿಗೆ ಹತ್ತಿ ತುರುಕುತ್ತೆ. ಒಸಡಿನ ರಕ್ತಕ್ಕೂ ಅದೇ ಕಾರಣ ಇರಬಹುದು. ಅದನ್ನ ಡಾಕ್ಟರಿಗೆ ಹೇಳಬೇಕು, ತಾವೇ ನಿಲ್ಲಿಸಬಾರದು.

ಇಷ್ಟೇ! ಇದರಲ್ಲಿ ಯಾವುದು ಕನ್ನಡದಲ್ಲಿ ಆಗಲಿಲ್ಲ? ಇನ್ನೊಂದು ತಮಾಷೆ ಕೇಳಿ: ಅಮೆರಿಕದಲ್ಲಿ ಈ ಮಾತ್ರೆಗೆ ಅನುಮತಿ ಸಿಕ್ಕಿದ್ದು 1997ರಲ್ಲಿ. ಅದು ಮುಚ್ಚೋ ಕಿವಿ ಯಾವುದು ಅಂತ ವಿಜ್ಞಾನಿಗಳಿಗೆ ಗುರುತು ಸಿಕ್ಕಿದ್ದು 2001ರಲ್ಲಿ. ಪಂಡಿತರೇ ಆ ಹೆಸರಿಲ್ಲದೆ ನಾಲ್ಕು ವರ್ಷ ಕೆಲಸ ನಡೆಸಿದ್ದಾರೆ ಸ್ವಾಮಿ. ದೊಡ್ಡಪ್ಪನಿಗೆ ಹೇಳೋಕೆ ಮಾತ್ರ ಪರಿಭಾಷೆ ಅಡ್ಡ ಬರುತ್ತಾ?

"ನಿಮ್ಮ ಕಡೆ ಮನೆಮಾತು ತೆಲುಗಲ್ವಾ?" ಅಂತ ಕೇಳೋರಿಗೂ ಉತ್ತರ ಇದೆ. ಹೌದು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ತೆಲುಗೇ. ಶಾಲೆಯಲ್ಲಿ ಓದಿದ್ದು ಕನ್ನಡ. ಬಾಯಲ್ಲಿ ತೆಲುಗಲ್ಲಿ ಹೇಳಿ, ಕಾಗದದ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಿ. ಇಂಗ್ಲಿಷ್ ಯಾರ ಮನೆಮಾತು?

ಮಾರನೇ ದಿನವೇ ಕೋಲಾರಕ್ಕೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಮಾತ್ರೆ ಮತ್ತೆ ಶುರುವಾಯ್ತು. ವಾಪಸ್ ಬರುವಾಗ ಬಸ್ಸಲ್ಲಿ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಇಷ್ಟನ್ನ ಮೊದಲೇ ಹೇಳಬಾರದಿತ್ತಾ?"

ಕವನ, ಪ್ರವಾಸ, ಸಿನಿಮಾ ಅಂತ ಬರೆಯೋ ನಾವು, ನಮ್ಮನೆಯ ಒಂದೊಂದು ಮಾತ್ರೆ ಬಗ್ಗೆ ಗೊತ್ತಿರೋರನ್ನ ಕೇಳಿ ಒಂದೊಂದು ಪೋಸ್ಟ್ ಬರೆದರೆ ಹೇಗೆ? ಏನಂತೀರಿ?