ಅಜ್ಜಿ ಹೊಲದ ಅಜ್ಜಿ ಯಾರು?



ಸ್ವಲ್ಪ ಉದ್ದ ಇದೆ. ಪಿಟಿಸಿಎಲ್ ಕೇಸು ನಡೆಸ್ತಿರೋರು ದಯವಿಟ್ಟು ಪೂರ್ತಿ ಓದಿ.

ನಮ್ಮೂರ ಕೆರೆ ಹಿಂದೆ ಎರಡು ಎಕರೆ ಹೊಲ ಇದೆ. ಉಳ್ತಿರೋರು ಬೇರೆಯವರು. ನನ್ನ ತಾತನ ಕಾಲದಲ್ಲಿ ಸಾಲಕ್ಕೆ ಕ್ರಯ ಆಗಿ ಹೋಗಿದ್ದು. ಆದ್ರೆ ನಮ್ಮ ಕೇರೀಲಿ ಇವತ್ತಿಗೂ ಅದರ ಹೆಸರು ‘ಅಜ್ಜಿ ಹೊಲ’. ಯಾವ ಅಜ್ಜಿ ಅಂತ ನಮ್ಮಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮುತ್ತಾತ ಊರಿನ ತೋಟಿ, ಹಾಗಾಗಿ ಅದು ತೋಟಿ ಇನಾಂತಿ ಜಮೀನು ಅಂತ ಮನೆ ಗಂಡಸರೆಲ್ಲ ನಂಬಿಕೊಂಡಿದ್ವಿ. ಅರ್ಜೀಲೂ ಹಾಗೇ ಬರೆದ್ವಿ. ಎಸಿ ಕೋರ್ಟಿನಲ್ಲಿ ವಜಾ ಆಯ್ತು.

ಯಾಕೆ ಅಂದ್ರೆ, 1978ರ ಪಿಟಿಸಿಎಲ್ ಕಾಯ್ದೆಯ 3ನೇ ಕಲಮಿನಲ್ಲಿ ‘ಮಂಜೂರಾದ ಜಮೀನು’ ಅಂದ್ರೇನು ಅಂತ ಹೇಳಿದೆ. ಇನಾಂ ರದ್ದತಿ ಕಾನೂನಿನಡಿ ಸಿಕ್ಕಿದ್ದೂ ಅದರಲ್ಲಿ ಸೇರುತ್ತೆ, ಆದರೆ ವಂಶಪಾರಂಪರ್ಯ ಹುದ್ದೆಗೆ ಸಂಬಂಧಪಟ್ಟಿದ್ದು ಮಾತ್ರ ಹೊರಗೆ. ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಬಿಟ್ಟಿದ್ದ ಜಮೀನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಮರುಮಂಜೂರಾಗಿದ್ದರೆ ಈ ರಕ್ಷಣೆ ಇಲ್ಲ. ತಲೆಮಾರುಗಟ್ಟಲೆ ಊರಿನ ಬಿಟ್ಟಿ ಚಾಕರಿ ಮಾಡಿ ಪಡೆದ ಭೂಮಿಯನ್ನೇ ಕಾಯ್ದೆ ಆಚೆ ಇಟ್ಟಿದೆ! ಆ ಜಗಳ ಇನ್ನೊಂದು ದಿನಕ್ಕಿರಲಿ.

ವಜಾ ಆದ ಮೇಲೆ ನಾನು ಬೇರೆ ಕಡೆಯಿಂದ ಹುಡುಕಿದೆ. ಕಂಪ್ಯೂಟರ್ ಪಹಣೀಲಿ ಈಗಿನ ಖಾತೆದಾರರೇ. ಕೈಬರಹದ ಪಹಣಿ ತೆಗೆಸಿದೆ, 9ನೇ ಕಾಲಂ ಹುಳ ತಿಂದಿತ್ತು. ಎಂ.ಆರ್. ಪುಸ್ತಕದಲ್ಲಿ ಆ ಹಾಳೆಯೇ ಇಲ್ಲ. ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಪಕ್ಕದ ಜಮೀನ್ದಾರರ ಕ್ರಯಪತ್ರದಲ್ಲಿ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ನಕಲು ತಗೊಂಡು ಚಕ್ಕುಬಂದಿ ಓದಿದೆ: ಪೂರ್ವಕ್ಕೆ ಎ.ಕೆ. ಇಂಥವಳು ಕೋಂ ಇಂಥವನ ದರಖಾಸ್ತು ಜಮೀನು. ಕೇಸು ಇನ್ನೂ ನಡೀತಿರೋದ್ರಿಂದ ಹೆಸರು ಇಲ್ಲಿ ಹಾಕಲ್ಲ. ‘ಕೋಂ’ ಅಂದ್ರೆ ಹೆಂಡತಿ. ಆ ‘ಇಂಥವನು’ ನನ್ನ ಮುತ್ತಾತ. ನಮ್ಮ ಹೊಲ ಕೊಂಡ ಮನೆಯವರೇ ಅವರ ಗಡಿ ಗುರುತಿಸೋಕೆ ನಮ್ಮ ಅಜ್ಜಿ ಹೆಸರು ಬರೆಸಿ, ರಿಜಿಸ್ಟರ್ ಮಾಡಿಸಿ, ಜೋಪಾನವಾಗಿ ಇಟ್ಟಿದ್ರು.

ಆ ಹೆಸರು ಹಿಡಿದು ತಾಲೂಕು ಕಚೇರಿ ರೆಕಾರ್ಡ್ ರೂಮಿಗೆ ಹೋದೆ. ದರಖಾಸ್ತು ರಿಜಿಸ್ಟರಿನಲ್ಲಿ ಮೊದಲ ಸಲ ಸಿಗಲಿಲ್ಲ. ನಾನು ‘ಅಮ್ಮ’ ಸೇರಿಸಿ ಹುಡುಕ್ತಿದ್ದೆ. ಶಾನುಭೋಗರ ಬರಹದಲ್ಲಿ ಶೆಟ್ಟರ ಹೆಂಗಸು ಮುನಿಯಮ್ಮ ಆದ್ರೆ ನಮ್ಮ ಹೆಂಗಸು ಬರೀ ಮುನಿ. ‘ಅಮ್ಮ’ ಕಿತ್ತು ಹುಡುಕಿದೆ, ಸಿಕ್ಕಿದಳು. ಸರ್ವೆ ನಂಬರ್ ಅದೇ, ವಿಸ್ತೀರ್ಣ ಅದೇ, ‘ವಿಧವೆ’ ಅಂತ ಷರಾ. ತೋಟಿ ಇನಾಂ ಅಲ್ಲ, ಗಂಡ ಸತ್ತ ಮೇಲೆ ಅವಳೇ ಅರ್ಜಿ ಕೊಟ್ಟು ಮಂಜೂರು ಮಾಡಿಸಿಕೊಂಡಿದ್ದು!

ಮನೆಗೆ ಬಂದು ಸೋದರತ್ತೆಗೆ ಹೆಸರು ಓದಿ ಹೇಳಿದೆ. “ಅದು ನನ್ನೆಸ್ರಲ್ವೇನ್ಲಾ, ನಮ್ಮಜ್ಜಿ ಎಸ್ರನ್ನೇ ನಂಗಿಕ್ಕಿದ್ದು” ಅಂದ್ಲು. ಎಪ್ಪತ್ತು ವರ್ಷದಿಂದ ಆ ಹೆಸರು ನಮ್ಮ ಜಗಲಿ ಮೇಲೇ ಕೂತಿತ್ತು. ಕೇಸು ಹಾಕುವಾಗ ವಂಶವೃಕ್ಷ ಬರೆಸಿದವನು ನಾನೇ. ಅದರಲ್ಲಿ ಮುತ್ತಾತ, ತಾತ, ಅಪ್ಪ, ನಾನು. ಅತ್ತೆ ಇಲ್ಲ. ಮದುವೆ ಆಗಿ ಹೋದವಳು ಅಂತ ಬಿಟ್ಟಿದ್ದೆ.

ಇದನ್ನ ಅಧಿಕಾರಿಗಳ ತಲೆಗೇ ಕಟ್ಟೋಕೆ ನಂಗೆ ಮನಸ್ಸಿಲ್ಲ. ನಮ್ಮ ಸಂಘಟನೆಗಳ ಸಭೇಲಿ ಅರ್ಜಿ ಬರೆಯೋಕೆ ಕೂತಾಗ ‘ತಾತನ ಹೆಸರೇನು’ ಅಂತ ಶುರು ಮಾಡೋರು ನಾವೇ. 2017ರ ಸುಪ್ರೀಂ ಕೋರ್ಟ್ ತೀರ್ಪು ವಿಳಂಬದ ಕಾರಣ ಕೊಟ್ಟು ನಮ್ಮ ಕೇಸುಗಳಿಗೆ ಕೊಡಲಿ ಇಟ್ಟಾಗ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ನಡೀತು, 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಆ ಧರಣೀಲಿ ಕೂತ ಹೆಂಗಸರನ್ನ ನಾವು ಫೋಟೋಗೆ ಕರೆದ್ವಿ, ಅವರ ಅಜ್ಜಿ ಹೆಸರು ಕೇಳಲಿಲ್ಲ.

ಈಗ ಭೂ ಸುರಕ್ಷಾ ಹೆಸರಲ್ಲಿ ಹಳೇ ಕಡತಗಳ ಸ್ಕ್ಯಾನ್ ನಡೀತಿದೆ, ಒಳ್ಳೇದು. ಆದ್ರೆ ಸರ್ವೆ ನಂಬರ್ ಹಾಕಿದ್ರೆ ಮಾತ್ರ ಅಲ್ಲ, ಹೆಸರು ಹಾಕಿದ್ರೂ ಸಿಗೋ ಹಾಗಿರಬೇಕು, ‘ಕೋಂ’ ಹಿಂದಿನ ಹೆಸರೂ ಸೇರಿ. ಇದನ್ನ ನಮ್ಮ ಹಕ್ಕೊತ್ತಾಯದಲ್ಲಿ ಸೇರಿಸಿ ಅಂತ ಕೇಳ್ತಿದ್ದೀನಿ. ವಜಾ ಆದ ಹಳೇ ಕೇಸುಗಳ ಫೈಲು ಇಟ್ಟುಕೊಂಡಿರೋರು ಅಕ್ಕಪಕ್ಕದ ಜಮೀನಿನ ಚಕ್ಕುಬಂದಿ ಒಮ್ಮೆ ನೋಡಿ. ಮನೆಯ ಹಿರೀ ಹೆಂಗಸರನ್ನ ಕೂರಿಸಿಕೊಂಡು ನೋಡಿ.

ಡಿಸಿ ಕೋರ್ಟಿಗೆ ಮೇಲ್ಮನವಿ ಹಾಕಿದ್ದೀವಿ. ಹೊಸ ವಂಶವೃಕ್ಷ ಅಜ್ಜಿಯಿಂದ ಶುರುವಾಗುತ್ತೆ. ಅತ್ತೆ ಸಾಕ್ಷಿ ಹೇಳೋಕೆ ಬರ್ತೀನಿ ಅಂದಿದ್ದಾಳೆ, ಮಂಡಿ ನೋವಿದೆ, ಆಟೋ ಮಾಡ್ಕೊಂಡು ಕರ್ಕೊಂಡು ಹೋಗಬೇಕು.