ಗಾಳಿಯಿಲ್ಲದ ದಿನದ ಅಲೆ

ಕಳೆದ ಬೇಸಿಗೆ ರಜೆಯಲ್ಲಿ ಚಿತ್ರದುರ್ಗದಿಂದ ಅಕ್ಕ, ಭಾವ ಮತ್ತು ಅವರ ಮಗ ಕ್ರೋಂಪೇಟೆಯ ನಮ್ಮ ಮನೆಗೆ ಬಂದಿದ್ದರು. ಬಯಲುಸೀಮೆಯವರು ಚೆನ್ನೈಗೆ ಬಂದರೆ ಮೊದಲ ಬೇಡಿಕೆ ಬೀಚ್. ಬೆಳಿಗ್ಗೆ ಆರಕ್ಕೆಲ್ಲ ಬೆಸೆಂಟ್ ನಗರದಲ್ಲಿದ್ದೆವು. ಗಾಳಿಯ ಸುಳಿವಿಲ್ಲ, ಸಮುದ್ರ ಶಾಂತ. ಹುಡುಗ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು ‘ಪೆರಿಯ ಅಲೆ ವರುದು, ಮೇಲ ವಾಂಗ’ ಎಂದು ಕೂಗಿದರು. ನಮಗಲ್ಲ ಎಂದುಕೊಂಡೆವು. ಮರುಕ್ಷಣ ನೀರು ಹುಡುಗನ ಎದೆಮಟ್ಟಕ್ಕೆ ಏರಿ ಅವನನ್ನು ಕೆಡವಿ ಎಳೆಯಿತು. ಭಾವ ಅವನ ಅಂಗಿ ಹಿಡಿದದ್ದರಿಂದ ಬಚಾವಾದೆವು.

ವಾಪಸ್ ಬರುವಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಗಾಳೀನೇ ಇರ್ಲಿಲ್ವಲ್ಲ ಮಾವ, ಅಲೆ ಎಲ್ಲಿಂದ ಬಂತು?’

ಮೆಕ್ಯಾನಿಕಲ್ ಓದಿದ ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೂ ಹಂಚಿಕೊಳ್ಳಬೇಕು ಅನ್ನಿಸಿತು.

ಗಾಳಿಗೆ ರಾಗಿ ಹೊಲದಲ್ಲಿ ಅಲೆ ಏಳುವುದನ್ನು ನಾವೆಲ್ಲ ನೋಡಿದ್ದೇವೆ. ತೆನೆ ಬಾಗಿ ಏಳುತ್ತದೆಯೇ ಹೊರತು ಜಾಗ ಬಿಡುವುದಿಲ್ಲ. ಸಾಗುವುದು ಅಲೆ ಮಾತ್ರ. ಆಳ ಸಮುದ್ರದಲ್ಲೂ ಹಾಗೆಯೇ. ನೀರು ಇದ್ದಲ್ಲೇ ವೃತ್ತಾಕಾರವಾಗಿ ತಿರುಗುತ್ತದೆ, ಶಕ್ತಿ ಮುಂದೆ ಹೋಗುತ್ತದೆ. ಅಲೆ ದೊಡ್ಡದಾಗಲು ಮೂರು ಬೇಕು: ಜೋರು ಗಾಳಿ, ಅದು ಬಹಳ ಹೊತ್ತು ಬೀಸುವುದು, ಬೀಸಲು ಅಡೆತಡೆಯಿಲ್ಲದ ದೂರ. ಈ ಮೂರೂ ಪುಷ್ಕಳವಾಗಿ ಸಿಗುವುದು ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದಲ್ಲಿ.

ಅಲ್ಲಿ ಹುಟ್ಟಿದ ಅಲೆಗಳಲ್ಲಿ ಉದ್ದದವು ವೇಗವಾಗಿ ಓಡುತ್ತವೆ, ಗಿಡ್ಡವು ಹಿಂದುಳಿಯುತ್ತವೆ. ಒಂದು ಅಲೆಗೂ ಇನ್ನೊಂದಕ್ಕೂ 20 ಸೆಕೆಂಡ್ ಅಂತರವಿದ್ದರೆ ಅದರ ಉದ್ದ 600 ಮೀಟರ್‌ಗೂ ಹೆಚ್ಚು. ಅದರ ಶಕ್ತಿ ಗಂಟೆಗೆ ಸುಮಾರು 55 ಕಿ.ಮೀ. ಸಾಗುತ್ತದೆ. ಅಂದರೆ ಆರು ದಿನದಲ್ಲಿ ಏಳೆಂಟು ಸಾವಿರ ಕಿ.ಮೀ. ಅಷ್ಟು ಉದ್ದದ ಅಲೆ ಆಳದಲ್ಲಿ ಕಣ್ಣಿಗೇ ಕಾಣುವುದಿಲ್ಲ. ತೀರದ ಹತ್ತಿರ ನೆಲ ತಾಗಿದಾಗ ಅದರ ವೇಗ ಕುಗ್ಗಿ ಎತ್ತರ ಏರುತ್ತದೆ.

2024ರ ಮಾರ್ಚ್ 31ರಂದು ಕೇರಳದ ತೀರಕ್ಕೆ ನುಗ್ಗಿದ ನೀರಿನ ಕಥೆ ಇದೇ. ಅದಕ್ಕೆ ಸುಮಾರು ಆರು ದಿನ ಮೊದಲು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ವಾಯುಭಾರ ಕುಸಿತ 11 ಮೀಟರ್ ಎತ್ತರದ ಅಲೆಗಳನ್ನೆಬ್ಬಿಸಿತ್ತು. ಮಲಯಾಳಿ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಅನ್ನುತ್ತಾರೆ. ಕನ್ನಡಿಗರಿಗೆ ಅರ್ಥ ಹೇಳಬೇಕಿಲ್ಲ. 2012ರಲ್ಲಿ ಯುನೆಸ್ಕೊ ಕೂಡ ಆ ಪದವನ್ನು ಒಪ್ಪಿಕೊಂಡಿತು. 2024ರ ಮೇ 6ರಂದು, ಇಂಥ ಅಲೆಗಳ ಎಚ್ಚರಿಕೆ ಜಾರಿಯಲ್ಲಿದ್ದಾಗಲೇ, ಕನ್ಯಾಕುಮಾರಿ ಜಿಲ್ಲೆಯ ಬೀಚೊಂದರಲ್ಲಿ ಐವರು ವೈದ್ಯ ವಿದ್ಯಾರ್ಥಿಗಳು ಕೊಚ್ಚಿಹೋದರು. ಚೆನ್ನೈನಲ್ಲಿ ದೊಡ್ಡ ಅಲೆ ಅಂದರೆ ಎಲ್ಲರಿಗೂ ನೆನಪಾಗುವುದು 2004ರ ಸುನಾಮಿ. ಅದಕ್ಕೆ ಭೂಕಂಪ ಬೇಕು. ಇದಕ್ಕೆ ಎಲ್ಲೋ ಬೀಸಿದ ಗಾಳಿ ಸಾಕು.

ಎಚ್ಚರಿಕೆ ಇರುತ್ತದೆ. ನನ್ನ ಮನೆಗೆ ಹತ್ತಿರದ ಪಳ್ಳಿಕರಣೈನಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದಲ್ಲಿ ಲಂಗರು ಹಾಕಿದ ತೇಲು ಮಾಪಕಗಳನ್ನು ನಡೆಸುತ್ತದೆ. ಇನ್‌ಕಾಯ್ಸ್ ಎಂದೇ ಹೆಸರಾದ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಅಲೆಗಳ ಮುನ್ಸೂಚನೆಯನ್ನು ಪುಕ್ಕಟೆ ಕೊಡುತ್ತದೆ. ತೊಂದರೆ ಇರುವುದು ಆ ಸಂಖ್ಯೆ ನಮ್ಮ ಕಿವಿಗೆ ಬೀಳುವ ರೀತಿಯಲ್ಲಿ.

‘ಅಲೆಯ ಎತ್ತರ ಒಂದೂವರೆ ಮೀಟರ್’ ಅಂದರೆ ಅದು ಗರಿಷ್ಠವಲ್ಲ. ಬರುವ ಅಲೆಗಳಲ್ಲಿ ಎತ್ತರದ ಮೂರನೇ ಒಂದು ಭಾಗವನ್ನು ತೆಗೆದುಕೊಂಡು ಮಾಡಿದ ಸರಾಸರಿ. ಸಾವಿರ ಅಲೆಗಳಲ್ಲಿ ಒಂದು ಹೆಚ್ಚುಕಡಿಮೆ ಅದರ ಎರಡು ಪಟ್ಟು ಇರುತ್ತದೆ. ಹತ್ತು ಸೆಕೆಂಡಿಗೊಂದರಂತೆ ಸಾವಿರ ಅಲೆ ಬರಲು ಮೂರು ಗಂಟೆಯೂ ಬೇಡ. 1995ರ ಜನವರಿ 1ರಂದು ನಾರ್ವೆಯ ದ್ರೌಪ್ನರ್ ಕಡಲ ವೇದಿಕೆಯಲ್ಲಿ ಆ ಸರಾಸರಿ 12 ಮೀಟರ್ ಇದ್ದಾಗ ಬಂದ ಒಂದೇ ಅಲೆ 25.6 ಮೀಟರ್ ಅಳೆಯಿತು. ನಮ್ಮ ಹುಡುಗನನ್ನು ಕೆಡವಿದ್ದೂ ಬೆಳಗಿನ ನೂರಾರು ಅಲೆಗಳಲ್ಲಿ ಒಂದು.

ಕರ್ನಾಟಕದಲ್ಲಿ ಕರಾವಳಿ ಇರುವುದು ಮೂರೇ ಜಿಲ್ಲೆಗೆ. ಅಲ್ಲಿನ ಮೀನುಗಾರರು ಸಮುದ್ರವನ್ನು ಓದಬಲ್ಲರು. ಓದಲು ಬಾರದವರು ಉಳಿದ ಜಿಲ್ಲೆಗಳ ನಾವು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ತೀರಿಕೊಂಡ ನಾಲ್ವರು ವಿದ್ಯಾರ್ಥಿನಿಯರು ಶಾಲಾ ಪ್ರವಾಸಕ್ಕೆ ಬಂದದ್ದು ಕೋಲಾರ ಜಿಲ್ಲೆಯಿಂದ. ಪ್ರತಿ ದುರಂತದ ಕಾರಣವೂ ಒಂದೇ ಅಲ್ಲ, ನಿಜ. ಜೀವರಕ್ಷಕರು ಹೆಚ್ಚಬೇಕು, ಹಗ್ಗ, ಬಾವುಟ ಬೇಕು ಅನ್ನುವುದೂ ನಿಜ. ಆದರೆ ನೀರಿಗಿಳಿಯುವವರಿಗೇ ನೀರಿನ ಲೆಕ್ಕ ಗೊತ್ತಿಲ್ಲದಿದ್ದರೆ ಬಾವುಟ ಏನು ಮಾಡೀತು?

ನನ್ನ ಒತ್ತಾಯ ಚಿಕ್ಕದು. ಚಿನ್ನದ ದರ, ಬೆಂಗಳೂರಿನ ಉಷ್ಣಾಂಶ ದಿನವೂ ಅಚ್ಚಾಗುತ್ತದೆ. ಪ್ರವಾಸದ ತಿಂಗಳುಗಳಲ್ಲಿ ಕರಾವಳಿಯ ಅಲೆಗಳ ಎತ್ತರ ಮತ್ತು ಅಲೆಗಳ ನಡುವಿನ ಸೆಕೆಂಡ್, ಈ ಎರಡು ಅಂಕಿಗಳೂ ಪಕ್ಕದಲ್ಲಿರಲಿ. ‘ಇದರ ಎರಡು ಪಟ್ಟಿನದೂ ಬರಬಹುದು’ ಎಂಬ ಒಂದು ಸಾಲು ಕೆಳಗಿರಲಿ. ಶಾಲಾ ಪ್ರವಾಸದ ಅನುಮತಿ ಪತ್ರಕ್ಕೂ ಅದನ್ನು ಲಗತ್ತಿಸಲಿ.

ಅಲ್ಲಿಯವರೆಗೆ, ಊರಿನಿಂದ ನೆಂಟರು ಬಂದಾಗ ಹೀಗೆ ಮಾಡಿ: ಕಾಲು ಗಂಟೆ ಮರಳಲ್ಲೇ ಕೂತು ಅಲೆ ಎಣಿಸಿ. ಅಂತರ 15 ಸೆಕೆಂಡ್ ದಾಟಿದರೆ, ಗಾಳಿಯಿರಲಿ ಬಿಡಲಿ, ಅದು ದೂರದ ಬಿರುಗಾಳಿಯ ಅಲೆ, ನೀರಿಗೆ ಇಳಿಯಬೇಡಿ. ಅಂತರ ಕಡಿಮೆಯಿದ್ದ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. ಬಲೆ ಹೊಲಿಯುವವರು ಕೂಗಿದರೆ, ಭಾಷೆ ಅರ್ಥವಾಗದಿದ್ದರೂ, ಮೇಲೆ ಬನ್ನಿ.