ಉದ್ಯಾನ ಯಾರಪ್ಪನ ಸ್ವತ್ತು?

ಕನ್ನಡದ ತರುಣ ಮಿತ್ರರೇ,

ಬೆಳಗ್ಗೆ ಆರು ಗಂಟೆಗೆ ನಿಮ್ಮ ಬಡಾವಣೆಯ ಪಾರ್ಕಿಗೆ ಒಮ್ಮೆ ಹೋಗಿ ನೋಡಿ. ವಾಕಿಂಗಿಗೆ ಬಂದ ಹಿರಿಯರು ತಲೆ ತಗ್ಗಿಸಿ ನಡೆಯುತ್ತಿರುತ್ತಾರೆ. ವಯಸ್ಸಾಯಿತೆಂದಲ್ಲ, ಕಾಲಿಗೆ ಗಾಜು ಚುಚ್ಚೀತೆಂದು! ಮಕ್ಕಳ ಜಾರುಬಂಡೆಯ ಕೆಳಗೆ ಒಡೆದ ಬಿಯರ್ ಬಾಟಲಿ, ಕಲ್ಲುಬೆಂಚಿನ ಹಿಂದೆ ಪ್ಲಾಸ್ಟಿಕ್ ಲೋಟ, ಕಿತ್ತ ಗಿಡ, ಕಲ್ಲೆಸೆದು ಒಡೆದ ದೀಪ. ಸಂಜೆ ಕತ್ತಲಾದರೆ ಸಾಕು, ಹೆಣ್ಣುಮಕ್ಕಳು ಆ ದಾರಿಯನ್ನೇ ಬಿಟ್ಟು ಸುತ್ತಿ ಬಳಸಿ ಮನೆ ಸೇರುತ್ತಾರೆ. ತೆರಿಗೆ ಕಟ್ಟಿದವರು ಹೊರಗೆ, ಪುಂಡರು ಒಳಗೆ! ಇದು ಯಾವ ನ್ಯಾಯ?

ಇದಕ್ಕೆ ಅಧಿಕಾರಿಗಳು ಕಂಡುಕೊಂಡ ಮದ್ದು ಬೀಗ. ನಮ್ಮ ಕೆಲವು ಬಿಸಿರಕ್ತದ ಗೆಳೆಯರು ಸೂಚಿಸುವ ಮದ್ದು ದೊಣ್ಣೆ. ಎರಡರಿಂದಲೂ ರೋಗ ವಾಸಿಯಾಗದು.

ಮೊದಲು ಬೀಗದ ಮಾತು. ಗೇಟಿಗೆ ಬೀಗ ಬಿದ್ದರೆ ಹೊರಗುಳಿಯುವವನು ಮರ್ಯಾದಸ್ಥ. ಪುಂಡ ಕಾಂಪೌಂಡ್ ಹಾರುತ್ತಾನೆ. ಒಳಗೆ ತನ್ನನ್ನು ನೋಡುವವರು ಯಾರೂ ಇಲ್ಲವೆಂಬ ಧೈರ್ಯವನ್ನು ಅವನಿಗೆ ಕೊಡುವುದೇ ಆ ಬೀಗ. 2024ರಲ್ಲಿ ಬೆಂಗಳೂರಿನ ಪಾಲಿಕೆ ತನ್ನ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಆದೇಶಿಸಿದ್ದು ಸರಿಯಾದ ಹೆಜ್ಜೆ. ಆದರೆ ದೀಪ ಹಾಕದೆ ಗೇಟು ತೆರೆದರೆ ಅದು ಅರ್ಧ ಕೆಲಸ.

ಕಾವಲುಗಾರನಿದ್ದರೆ ಸಾಕೇ? 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕನ್ನೇ ನೋಡಿ. ಅದರ ಮಗ್ಗುಲಲ್ಲೇ ಹೈಕೋರ್ಟು, ರಸ್ತೆ ದಾಟಿದರೆ ವಿಧಾನಸೌಧ. ಅಲ್ಲೇ 2015ರ ನವೆಂಬರ್‌ನಲ್ಲಿ, ರಾತ್ರಿ ಹೊತ್ತು ಒಬ್ಬ ಮಹಿಳೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ ದೂರು ಬಂತು. ಪೊಲೀಸರು ಬಂಧಿಸಿದ್ದು ಯಾರನ್ನು ಗೊತ್ತೇ? ಅಲ್ಲಿನ ಇಬ್ಬರು ಸೆಕ್ಯುರಿಟಿ ಗಾರ್ಡುಗಳನ್ನು! ಕತ್ತಲೂ ನಿರ್ಜನತೆಯೂ ಕೂಡಿದರೆ ಸಮವಸ್ತ್ರವನ್ನೂ ನಂಬುವಂತಿಲ್ಲ.

ಇನ್ನು ದೊಣ್ಣೆಯ ಮಾತು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿ, 2012ರ ಜುಲೈನಲ್ಲಿ ಅದೇ ಊರಿನ ಹೋಂ ಸ್ಟೇ ಒಂದರಲ್ಲಿ ಯುವಕರ ಗುಂಪು ನುಗ್ಗಿ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಸಂಸ್ಕೃತಿ ಉಳಿಯಿತೇ? ಉಳಿದದ್ದು ನಾಡಿಗಂಟಿದ ಕಳಂಕ ಮಾತ್ರ. ಪುಂಡರನ್ನು ಓಡಿಸಲು ದೊಣ್ಣೆ ಹಿಡಿದು ಹೊರಟ ಗುಂಪು ಮೊದಲು ಹಿಡಿಯುವುದು ಬೆಂಚಿನ ಮೇಲೆ ಕೂತ ಹುಡುಗ ಹುಡುಗಿಯನ್ನು. ಆಮೇಲೆ ಮಲಗಲು ಬೇರೆ ಜಾಗವಿಲ್ಲದ ಕೂಲಿಯಾಳನ್ನು. ನೆನಪಿಡಿ, ಮಾತಾಡುತ್ತ ಕೂತವರು ಸಮಾಜಘಾತುಕರಲ್ಲ. ಬಡತನ ಅಪರಾಧವಲ್ಲ. ಬಾಟಲಿ ಒಡೆಯುವವನು, ಹೆಣ್ಣುಮಕ್ಕಳನ್ನು ಚುಡಾಯಿಸುವವನು, ಗಾಂಜಾ ಮಾರುವವನು, ಹೆದರಿಸಿ ಪರ್ಸು ಕೀಳುವವನು: ನಮ್ಮ ತಕರಾರು ಇವರ ಮೇಲೆ. ಇಂಥವರೆಲ್ಲ ಹೊರಗಿನವರು ಎಂದು ಬೆರಳು ತೋರುವುದೂ ಬೇಡ. ಗಾಜಿನ ಚೂರಿಗೆ ಭಾಷೆಯಿಲ್ಲ. ಒಡೆದವನು ನಮ್ಮದೇ ಬೀದಿಯ ಹುಡುಗನಾಗಿರಬಹುದು!

ಹೊಸ ಕಾನೂನೇನೂ ಬೇಕಾಗಿಲ್ಲ, ಇರುವುದೇ ಸಾಕು. 1965ರ ಕರ್ನಾಟಕ ಅಬಕಾರಿ ಕಾಯಿದೆ ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದನ್ನು ನಿಷೇಧಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಮಿನಂತೆ, ಕುಡಿದು ಸಾರ್ವಜನಿಕರಿಗೆ ಉಪಟಳ ಕೊಟ್ಟವನಿಗೆ 24 ಗಂಟೆಯವರೆಗೆ ಸಜೆ, 1,000 ರೂಪಾಯಿವರೆಗೆ ದಂಡ ಅಥವಾ ಸಮುದಾಯ ಸೇವೆ ವಿಧಿಸಬಹುದು. ಬಾಟಲಿ ಒಡೆದವನೇ ನಾಲ್ಕು ದಿನ ಪಾರ್ಕು ಗುಡಿಸಲಿ, ಅದಕ್ಕಿಂತ ಒಳ್ಳೆಯ ಪಾಠ ಬೇರೆ ಯಾವುದಿದೆ? ಕೊರತೆ ಕಾಯಿದೆಯದಲ್ಲ, ಕೇಳುವವರದು.

ಆದ್ದರಿಂದ ತರುಣರೇ, ಮೂರು ಕೆಲಸ ಮಾಡಿ.

ಒಂದು: ಪಾರ್ಕಿಗೆ ಹೋಗಿ! ಸಂಜೆ ಏಳರಿಂದ ಒಂಬತ್ತರವರೆಗೆ ಅಲ್ಲಿ ಜನ ಇರುವಂತೆ ಮಾಡಿ. ಶಟಲ್ ಆಡಿ, ಕೇರಂ ಇಡಿ, ನಾಟಕದ ತಾಲೀಮು ನಡೆಸಿ, ಪುಸ್ತಕ ಓದಿ ಚರ್ಚಿಸಿ. ಅಕ್ಕತಂಗಿಯರನ್ನು, ಅಜ್ಜ ಅಜ್ಜಿಯರನ್ನು ಕರೆತನ್ನಿ. ನಾಲ್ಕು ಜನ ನೋಡುವ ಕಡೆ ಪುಂಡ ಬಾಟಲಿ ಬಿಚ್ಚುವುದಿಲ್ಲ.

ಎರಡು: ದೀಪದ ಲೆಕ್ಕ ಕೇಳಿ. ಲಾಲ್‌ಬಾಗ್, ಕಬ್ಬನ್ ಪಾರ್ಕು ತೋಟಗಾರಿಕೆ ಇಲಾಖೆಯವು. ಬಡಾವಣೆಯ ಪಾರ್ಕುಗಳು ಪಾಲಿಕೆಯವು. 2025ರಲ್ಲಿ ಬೆಂಗಳೂರಿನ ಒಂದು ಪಾಲಿಕೆ ಹೋಗಿ ಐದು ಬಂದವು. ಬೋರ್ಡು ಬದಲಾಯಿತು, ಬಲ್ಬು ಬದಲಾಯಿತೇ? ಕಂಬ ಎಷ್ಟು, ಉರಿಯುವುದೆಷ್ಟು, ನಿರ್ವಹಣೆಯ ಗುತ್ತಿಗೆ ಯಾರದು? 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಅಚ್ಚ ಕನ್ನಡದಲ್ಲೇ ಬರೆಯಿರಿ, ಅದು ನಿಮ್ಮ ಹಕ್ಕು. 30 ದಿನದೊಳಗೆ ಉತ್ತರ ಕೊಡುವುದು ಅವರ ಕರ್ತವ್ಯ.

ಮೂರು: ಅಪಾಯ ಕಂಡರೆ 112ಕ್ಕೆ ಫೋನು ಮಾಡಿ. ಹೊಯ್ಸಳ ಗಾಡಿ ಬರಲಿ. ನೀವು ಮೈಮೇಲೆ ಬೀಳಬೇಡಿ. ದಿನ, ಹೊತ್ತು, ಜಾಗ ಬರೆದಿಟ್ಟುಕೊಂಡು ಠಾಣೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯದೆ ಹೊರಬರಬೇಡಿ. ಕುಡಿತಕ್ಕೆ ಬಿದ್ದವನು ನಿಮ್ಮ ಗೆಳೆಯನೇ ಆಗಿದ್ದರೆ ಮರೆಮಾಚಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆ ಚಿಕಿತ್ಸೆಯಿದೆ, ಕೈಹಿಡಿದು ಕರೆದೊಯ್ಯಿರಿ.

ಪಾರ್ಕು ಪುಂಡರ ಅಪ್ಪನ ಸ್ವತ್ತಲ್ಲ, ಅಧಿಕಾರಿಗಳ ಆಸ್ತಿಯೂ ಅಲ್ಲ. ಮಗು ಬರಿಗಾಲಲ್ಲಿ ಓಡಬೇಕಾದ ಜಾಗ ಅದು. ಮುಂದಿನವರು ಬರಲಿ ಎಂದು ಕಾಯಬೇಡಿ. ಈ ಶನಿವಾರ ಸಂಜೆ ಏಳಕ್ಕೆ ಹತ್ತು ಮಂದಿ ಸೇರಿ ಹೊರಡಿ. ಕೈಯಲ್ಲಿ ದೊಣ್ಣೆ ಬೇಡ, ಒಂದು ಶಟಲ್ ಬ್ಯಾಟು, ಒಂದು ಟಾರ್ಚು ಇರಲಿ!